ಪ್ರಜ್ಞೆಯನ್ನು ಓದಲು ಯಾವ ದಾರಿ? ಪ್ರಯೋಗಾಲಯ, ಆಸ್ಪತ್ರೆ, ತತ್ತ್ವಶಾಸ್ತ್ರ: ಒಂದು ಹೋಲಿಕೆ

ಮೆದುಳು ಮತ್ತು ಪ್ರಜ್ಞೆಯ ಬಗ್ಗೆ ಓದಬೇಕೆಂದು ಹೊರಟ ವಿದ್ಯಾರ್ಥಿಗೆ ನಮ್ಮ ಕಾಲೇಜುಗಳಲ್ಲಿ ನೇರವಾದ ಬಾಗಿಲಿಲ್ಲ. ಹಾಗಾಗಿ ಒಬ್ಬರು ನೀಟ್ ಬರೆ ಎನ್ನುತ್ತಾರೆ, ಇನ್ನೊಬ್ಬರು ಮನಶ್ಶಾಸ್ತ್ರ ತೆಗೆದುಕೋ ಎನ್ನುತ್ತಾರೆ, ಮನೆಯ ಹಿರಿಯರು ಉಪನಿಷತ್ತಿನಲ್ಲಿ ಇಲ್ಲದ್ದು ಅಲ್ಲೇನಿದೆ ಎಂದು ಕೇಳುತ್ತಾರೆ. ಮೂರರಲ್ಲೂ ಹುರುಳಿದೆ. ಆದರೆ ಯಾವುದನ್ನು ಹಿಡಿದರೆ ದಿನನಿತ್ಯ ಏನು ಮಾಡಬೇಕಾಗುತ್ತದೆ, ಹತ್ತು ವರ್ಷದ ಮೇಲೆ ಕೈಯಲ್ಲಿ ಏನಿರುತ್ತದೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ.

ಪಠ್ಯಕ್ರಮಗಳನ್ನು ಪಕ್ಕಪಕ್ಕ ಇಟ್ಟು ನೋಡುವುದರಿಂದ ಹೆಚ್ಚೇನೂ ತಿಳಿಯದು. ಅದಕ್ಕಿಂತ ಒಂದೇ ಪ್ರಶ್ನೆಯನ್ನು ಎಲ್ಲ ದಾರಿಗಳ ಮುಂದೆಯೂ ಇಟ್ಟು, ಯಾರು ಅದನ್ನು ಹೇಗೆ ಹಿಡಿಯುತ್ತಾರೆ ಎಂದು ನೋಡುವುದು ಲೇಸು. ನಾನು ಆರಿಸಿಕೊಂಡ ಪ್ರಶ್ನೆ ಹಳೆಯದು: ಕನಸೂ ಇಲ್ಲದ ಗಾಢನಿದ್ರೆಯಲ್ಲಿ ಪ್ರಜ್ಞೆ ಇರುತ್ತದೆಯೇ?

ತತ್ತ್ವಶಾಸ್ತ್ರದ ದಾರಿ

ಬೆಳಿಗ್ಗೆ ಎದ್ದು 'ಸುಖವಾಗಿ ನಿದ್ದೆ ಮಾಡಿದೆ, ಏನೂ ತಿಳಿಯಲಿಲ್ಲ' ಎನ್ನುತ್ತೇವೆ. ಅದ್ವೈತಿ ಈ ಮಾತನ್ನು ಹಿಡಿದು ನಿಲ್ಲಿಸುತ್ತಾನೆ. ಇದು ನೆನಪು, ಅನುಭವಕ್ಕೆ ಬಾರದ್ದನ್ನು ಯಾರೂ ನೆನೆಯಲಾರರು, ಆದ್ದರಿಂದ ಏನೂ ತಿಳಿಯದ ಆ ಸ್ಥಿತಿಯನ್ನೂ ಕಾಣುತ್ತಿದ್ದ ಸಾಕ್ಷಿಯೊಂದು ನಿದ್ದೆಯಲ್ಲಿ ಇದ್ದೇ ಇತ್ತು ಎನ್ನುತ್ತಾನೆ. ನೈಯಾಯಿಕ, ಅಂದರೆ ನ್ಯಾಯದರ್ಶನದ ತಾರ್ಕಿಕ, ಒಪ್ಪುವುದಿಲ್ಲ. ಅವನ ಪ್ರಕಾರ ಅದು ನೆನಪಲ್ಲ, ಅನುಮಾನ, ಅಂದರೆ ಕುರುಹುಗಳಿಂದ ಮಾಡಿದ ಊಹೆ. ಮಲಗುವ ಮುಂಚಿನದು ಗೊತ್ತು, ಎದ್ದ ಮೇಲಿನದು ಗೊತ್ತು, ನಡುವಿನದ್ದಕ್ಕೆ ನೆನಪಿಲ್ಲ, ಮೈ ಹಗುರವಾಗಿದೆ. ಇಷ್ಟರಿಂದ 'ಆಗ ಏನೂ ತಿಳಿದಿರಲಿಲ್ಲ' ಎಂದು ಈಗ ತರ್ಕಿಸುತ್ತೇವೆ. ಅದ್ವೈತಿ ಮತ್ತೆ ಎದ್ದು ನಿಲ್ಲುತ್ತಾನೆ: ನೆನಪಿಲ್ಲ ಎಂದ ಮಾತ್ರಕ್ಕೆ ಅನುಭವವೇ ಇರಲಿಲ್ಲ ಎನ್ನಲಾದೀತೇ? ದಾರಿಯಲ್ಲಿ ಕಾಲಿಗೆ ತಾಗಿದ ಹುಲ್ಲು ಸಂಜೆಗೆ ನೆನಪಿರುವುದಿಲ್ಲ, ತಾಗಲೇ ಇಲ್ಲವೇ?

ಈ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅರಿವು ಇಲ್ಲದಿರುವುದು ಬೇರೆ, ಅರಿವಿನ ನೆನಪು ಇಲ್ಲದಿರುವುದು ಬೇರೆ. ಮುಂದೆ ಬರುವ ಪ್ರತಿ ದಾರಿಯಲ್ಲೂ ಇದೇ ಅಡ್ಡ ಬರುತ್ತದೆ.

ತತ್ತ್ವಶಾಸ್ತ್ರದ ತರಬೇತಿ ಎಂದರೆ ಬಹುಮಟ್ಟಿಗೆ ಇಂಥ ಕೆಲಸ. ಎರಡು ಪುಟದ ವಾದವೊಂದನ್ನು ಮೂರು ದಿನ ಓದಿ, ಎದುರು ಪಕ್ಷದ ಅತ್ಯಂತ ಬಲವಾದ ಆಕ್ಷೇಪವನ್ನು ಅವರಿಗಿಂತ ಚೆನ್ನಾಗಿ ಬರೆದು, ಆಮೇಲೆ ಉತ್ತರಿಸುವುದು. ಮಾಂಡೂಕ್ಯ ಉಪನಿಷತ್ತಿನ ಹನ್ನೆರಡು ಮಂತ್ರಗಳು, ಅದರ ಮೇಲಿನ ಗೌಡಪಾದರ ಕಾರಿಕೆಗಳು, ನ್ಯಾಯದವರ ಖಂಡನೆ, ಅರಿವು ತನ್ನನ್ನು ತಾನೇ ಅರಿಯುತ್ತದೆ ಎನ್ನುವ ಬೌದ್ಧರ ಸ್ವಸಂವೇದನೆಯ ವಾದ ಇವೆಲ್ಲ ಒಂದು ಕಡೆ. ಹುಳಿ ಬಂದ ಧಾನ್ಯದಿಂದ ಮದ್ಯದ ಅಮಲು ಹುಟ್ಟುವಂತೆ ದೇಹದಲ್ಲಿರುವ ಮಣ್ಣು, ನೀರು, ಬೆಂಕಿ, ಗಾಳಿ ಎಂಬ ಭೂತಗಳ ಸೇರುವಿಕೆಯಿಂದ ಚೈತನ್ಯ ಹುಟ್ಟುತ್ತದೆ ಎಂದ ಚಾರ್ವಾಕರನ್ನೂ ಇಲ್ಲಿ ಬಿಡುವಂತಿಲ್ಲ. ಭಾರತೀಯ ತತ್ತ್ವಶಾಸ್ತ್ರ ಎಂದರೆ ವೇದಾಂತ ಮಾತ್ರ ಎಂದು ನಂಬಿಸುವ ಅಧ್ಯಾಪಕರಿಂದ ದೂರವಿರುವುದು ಒಳ್ಳೆಯದು. ಇನ್ನೊಂದು ಕಡೆ ಪಶ್ಚಿಮದ ಚರ್ಚೆ: ಬಾವಲಿಯಾಗಿರುವುದು ಬಾವಲಿಗೆ ಹೇಗನ್ನಿಸುತ್ತದೆ ಎಂದು 1974ರಲ್ಲಿ ಕೇಳಿದ ಥಾಮಸ್ ನೇಗಲ್, ಮೆದುಳಿನ ಕೆಲಸಗಳನ್ನೆಲ್ಲ ವಿವರಿಸಿದ ಮೇಲೂ 'ಇದರ ಜೊತೆಗೆ ಅನುಭವ ಏಕಿದೆ' ಎಂಬುದು ಉಳಿಯುತ್ತದೆಂದು 1990ರ ದಶಕದ ನಡುವಿನಲ್ಲಿ ಪಟ್ಟುಹಿಡಿದ ಡೇವಿಡ್ ಚಾಲ್ಮರ್ಸ್, ಅಂಥ ಪ್ರಶ್ನೆಗಳನ್ನು ಮೆದುಳಿನ ವಿಜ್ಞಾನ ಕಲಿಯದೆ ಕೇಳಬೇಡಿ ಎಂದ ಪೆಟ್ರೀಷಿಯಾ ಚರ್ಚ್‌ಲ್ಯಾಂಡ್.

ಈ ದಾರಿಯ ಕೊರತೆಯನ್ನೂ ಹೇಳಬೇಕು. ವಾದ ಎಷ್ಟು ಹರಿತವಾದರೂ ನಿದ್ದೆಯಲ್ಲಿರುವ ಮನುಷ್ಯನ ತಲೆಯೊಳಗೆ ಏನು ನಡೆಯುತ್ತಿದೆ ಎಂದು ಅದು ನೋಡಿ ಹೇಳಲಾರದು. ಉದ್ಯೋಗವೂ ಕಡಿಮೆ. ಮೈಸೂರು ವಿಶ್ವವಿದ್ಯಾಲಯ ಒಂದು ಕಾಲಕ್ಕೆ ಹಿರಿಯಣ್ಣನವರನ್ನೂ ರಾಧಾಕೃಷ್ಣನ್ ಅವರನ್ನೂ ಮಹಾರಾಜ ಕಾಲೇಜಿನಲ್ಲಿ ಇಟ್ಟುಕೊಂಡಿತ್ತು. ಇಂದು ರಾಜ್ಯದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಇರುವ ಕಡೆಗಳನ್ನು ಹುಡುಕಬೇಕು. ಮಾನಸಗಂಗೋತ್ರಿಯಲ್ಲಿ ವಿಭಾಗವಿದೆ. ರಾಜ್ಯದ ಹೊರಗೆ ಹೈದರಾಬಾದ್ ವಿಶ್ವವಿದ್ಯಾಲಯವನ್ನೂ ನೋಡಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ಐಐಎಸ್‌ಸಿಯ, ಆವರಣದಲ್ಲೇ ಇರುವ, ಪರಮಾಣು ವಿಜ್ಞಾನಿ ರಾಜಾ ರಾಮಣ್ಣ ಮೊದಲ ನಿರ್ದೇಶಕರಾಗಿದ್ದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ, ಅಂದರೆ ನಿಯಾಸ್, ಪ್ರಜ್ಞೆಯ ಅಧ್ಯಯನವನ್ನೇ ಒಂದು ಕಾರ್ಯಕ್ರಮವಾಗಿ ನಡೆಸಿಕೊಂಡು ಬಂದಿದೆ. ಪಿಎಚ್‌.ಡಿ. ಮಟ್ಟದಲ್ಲಿ ತತ್ತ್ವಶಾಸ್ತ್ರವನ್ನೂ ವಿಜ್ಞಾನವನ್ನೂ ಒಟ್ಟಿಗೆ ಹಿಡಿಯಬೇಕೆನ್ನುವವರಿಗೆ ಕರ್ನಾಟಕದಲ್ಲಿ ಅದಕ್ಕಿಂತ ಹತ್ತಿರದ ಜಾಗವನ್ನು ನಾನು ಕಾಣೆ.

ಪ್ರಯೋಗಾಲಯದ ದಾರಿ

ನಿದ್ದೆಯ ಅದೇ ಪ್ರಶ್ನೆಯನ್ನು ನರವಿಜ್ಞಾನಿ ಬೇರೆ ರೀತಿಯಲ್ಲಿ ಹಿಡಿಯುತ್ತಾರೆ. ತಲೆಗೆ ಮೆದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಇಇಜಿ ಟೋಪಿ ತೊಡಿಸಿ ಮಲಗಿಸುತ್ತಾರೆ. ಗಾಢನಿದ್ರೆಯಲ್ಲಿ ಸೆಕೆಂಡಿಗೆ ನಾಲ್ಕಕ್ಕಿಂತ ಕಡಿಮೆ ಸಲ ಏರಿಳಿಯುವ ನಿಧಾನದ ದೊಡ್ಡ ಅಲೆಗಳು ಕಾಣಿಸಿಕೊಂಡಾಗ ಎಬ್ಬಿಸಿ, 'ಈಗ ತಾನೇ ಮನಸ್ಸಿನಲ್ಲಿ ಏನಿತ್ತು?' ಎಂದು ಕೇಳುತ್ತಾರೆ. ರಾತ್ರಿಯಿಡೀ, ಮತ್ತೆ ಮತ್ತೆ. ಉತ್ತರಗಳು ಮೂರು ಬಗೆ: ಇಂಥದ್ದು ಕಂಡೆ ಎನ್ನುವುದು, ಏನೋ ಇತ್ತು, ಆದರೆ ಏನೆಂದು ಹೇಳಲಾರೆ ಎನ್ನುವುದು, ಏನೂ ಇರಲಿಲ್ಲ ಎನ್ನುವುದು. ಫ್ರಾನ್ಸೆಸ್ಕಾ ಸಿಕ್ಲಾರಿ, ಜೂಲಿಯೊ ಟೊನೋನಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅನುಭವವಿತ್ತು ಎಂದವರ ಮೆದುಳಿನ ಹಿಂಭಾಗದಲ್ಲಿ ಎಬ್ಬಿಸುವ ಮುನ್ನ ನಿಧಾನದ ಅಲೆಗಳು ಕಡಿಮೆಯಾಗಿದ್ದವು. ಅಂದರೆ 'ನಿದ್ದೆ' ಎಂಬ ಒಂದೇ ಸ್ಥಿತಿಯೊಳಗೆ ಪ್ರಜ್ಞೆ ಬಂದು ಹೋಗುವುದನ್ನು ಅಳೆಯುವಷ್ಟು ದೂರ ವಿಜ್ಞಾನ ಬಂದಿದೆ.

ಎರಡನೆಯ ಬಗೆಯ ಉತ್ತರವನ್ನು ನೋಡಿ. 'ಏನೋ ಇತ್ತು, ನೆನಪಿಲ್ಲ.' ಅದ್ವೈತಿ ನೈಯಾಯಿಕರ ಜಗಳ ಇಲ್ಲಿ ದತ್ತಾಂಶವಾಗಿ ಕುಳಿತಿದೆ. ಮೂರನೆಯ ಬಗೆಯವರು ನಿಜಕ್ಕೂ ಏನನ್ನೂ ಅನುಭವಿಸಲಿಲ್ಲವೋ, ಅನುಭವಿಸಿದ್ದನ್ನು ಎಚ್ಚರವಾಗುವಷ್ಟರಲ್ಲಿ ಕಳೆದುಕೊಂಡರೋ ಎಂಬುದನ್ನು ಅಲೆಗಳ ಚಿತ್ರವೊಂದೇ ತೀರ್ಮಾನಿಸದು. ಆ ಜಗಳವನ್ನು ಓದಿರುವ ಸಂಶೋಧಕ ತನ್ನ ಪ್ರಶ್ನಾವಳಿಯನ್ನೇ ಬೇರೆ ರೀತಿ ಬರೆಯುತ್ತಾನೆ.

ಈ ದಾರಿಯ ದಿನಚರಿ ಮಾತ್ರ ರೋಚಕವಲ್ಲ. ಪ್ರಯೋಗಕ್ಕೆ ಬರುವವರಿಗೆ ತಲೆಸ್ನಾನ ಮಾಡಿ, ಎಣ್ಣೆ ಹಚ್ಚದೆ ಬನ್ನಿ ಎಂದು ಮೊದಲೇ ಹೇಳಬೇಕು. ಎಣ್ಣೆ ತಲೆಯಲ್ಲಿ ವಿದ್ಯುದ್ವಾರ ಸರಿಯಾಗಿ ಕೂರುವುದಿಲ್ಲ. ಅರವತ್ತನಾಲ್ಕು ವಿದ್ಯುದ್ವಾರಗಳಿದ್ದರೆ ಒಂದೊಂದರಡಿಯೂ ಕೂದಲು ಬಿಡಿಸಿ ಜೆಲ್ ತುಂಬಬೇಕು. ಪ್ರಯೋಗ ಮುಗಿದ ಮೇಲೆ ಕಣ್ಣು ಮಿಟುಕಿಸಿದ್ದು, ಹಲ್ಲು ಕಚ್ಚಿದ್ದು ಎಲ್ಲವೂ ಅಲೆಗಳ ನಡುವೆ ಸೇರಿಕೊಂಡಿರುತ್ತದೆ; ಅದನ್ನು ಬೇರ್ಪಡಿಸಲು ವಾರಗಟ್ಟಲೆ ಕಂಪ್ಯೂಟರ್ ಮುಂದೆ ಕೂರಬೇಕು. ಪೈಥಾನ್ ಅಥವಾ ಮ್ಯಾಟ್‌ಲ್ಯಾಬ್, ಅದಕ್ಕಿಂತ ಮುಖ್ಯವಾಗಿ ಸಂಖ್ಯಾಶಾಸ್ತ್ರ ಇಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗದು. 2009ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಸತ್ತ ಸಾಲ್ಮನ್ ಮೀನೊಂದನ್ನು ಮೆದುಳಿನ ಚಟುವಟಿಕೆಯನ್ನು ಚಿತ್ರಿಸುವ ಎಫ್‌ಎಂಆರ್‌ಐ ಯಂತ್ರದಲ್ಲಿಟ್ಟು, ಅದಕ್ಕೆ ಮನುಷ್ಯರ ಚಿತ್ರಗಳನ್ನು ತೋರಿಸಿ, ಸಾವಿರಾರು ಬಿಂದುಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಆಕಸ್ಮಿಕವಾಗಿ ಬರುವ ಫಲಗಳನ್ನು ಕಳೆಯಲು ಬೇಕಾದ ತಿದ್ದುಪಡಿ ಮಾಡದ ಲೆಕ್ಕದಲ್ಲಿ ಮೀನಿನ ಮೆದುಳು 'ಪ್ರತಿಕ್ರಿಯಿಸಿದ್ದನ್ನು' ಪ್ರದರ್ಶಿಸಿದರು. ಮೆದುಳಿನ ಬಣ್ಣದ ಚಿತ್ರ ತೋರಿಸಿ 'ಧ್ಯಾನದಿಂದ ಈ ಭಾಗ ಬೆಳಗಿತು' ಎನ್ನುವ ಯಾವ ಸುದ್ದಿ ಬಂದರೂ ನನಗೆ ಆ ಮೀನೇ ನೆನಪಾಗುತ್ತದೆ.

ಇನ್ನೊಂದು ಉದಾಹರಣೆ, ಈ ದಾರಿಯ ಬಲ ಏನೆಂದು ತೋರಿಸಲು. ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಸುಮಾರು 6,900 ಕೋಟಿ ತಲೆಯ ಹಿಂಬದಿಯ ಕಿರುಮೆದುಳಿನಲ್ಲೇ ಇವೆ. ಆದರೆ ಕಿರುಮೆದುಳಿಗೆ ಪೆಟ್ಟಾದವರ ನಡಿಗೆ ತಪ್ಪುತ್ತದೆ, ಮಾತು ತೊದಲುತ್ತದೆ, ಪ್ರಜ್ಞೆ ಹೋಗುವುದಿಲ್ಲ. ಹಾಗಾದರೆ ನರಕೋಶಗಳ ಸಂಖ್ಯೆ ಪ್ರಜ್ಞೆಗೆ ಕಾರಣವಲ್ಲ. ಅವು ಹೆಣೆದುಕೊಂಡಿರುವ ರೀತಿಯಲ್ಲಿ ಏನೋ ಇದೆ. ಕುರ್ಚಿಯಲ್ಲಿ ಕುಳಿತು ಎಷ್ಟು ಯೋಚಿಸಿದರೂ ಈ ಸಂಗತಿ ಸಿಗುತ್ತಿರಲಿಲ್ಲ.

ಬೆಂಗಳೂರಿನವರು ಈ ವಿಷಯದಲ್ಲಿ ಪುಣ್ಯವಂತರು. ಐಐಎಸ್‌ಸಿಯಲ್ಲಿ 2009ರಿಂದ ನರವಿಜ್ಞಾನ ಕೇಂದ್ರವಿದೆ, ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್ ಇದೆ. ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರ ನೆನಪು ಮತ್ತು ಮೆದುಳಿನ ಆರೋಗ್ಯವನ್ನು ವರ್ಷವರ್ಷಕ್ಕೂ ನೋಡುತ್ತಾ ಹೋಗುವ ದೊಡ್ಡ ಅಧ್ಯಯನ ನಡೆಸುತ್ತಿದೆ. ಅಲ್ಲಿ ಪ್ರಶ್ನೆಗಳನ್ನು ಹಳ್ಳಿಗರ ಭಾಷೆಯಲ್ಲೇ ಕೇಳಬೇಕಾಗುತ್ತದೆ. ಕನ್ನಡವನ್ನೂ ತೆಲುಗನ್ನೂ ಬಲ್ಲ ಹುಡುಗ ಹುಡುಗಿಯರಿಗೆ ಅದೊಂದು ಅರ್ಹತೆಯೇ ಸರಿ. ನಿಮ್ಹಾನ್ಸ್‌ನ ನರಶರೀರಶಾಸ್ತ್ರ ವಿಭಾಗದವರು ವಿಪಶ್ಯನ ಧ್ಯಾನಿಗಳ ನಿದ್ದೆಯ ಮೇಲೆ ಕೆಲಸ ಮಾಡಿದ್ದಾರೆ. ನಾನು ಇಲ್ಲಿ ಎತ್ತಿಕೊಂಡ ಪ್ರಶ್ನೆಗೆ ಇಷ್ಟು ಹತ್ತಿರದ ಪ್ರಯೋಗ ನಮ್ಮೂರಿನಲ್ಲೇ ನಡೆದಿದೆ ಎನ್ನುವುದು ಬಹಳ ಮಂದಿಗೆ ಗೊತ್ತಿಲ್ಲ.

ಆಸ್ಪತ್ರೆಯ ದಾರಿ

ವೈದ್ಯರಿಗೆ ಪ್ರಶ್ನೆ ಬರುವುದೇ ಬೇರೆ ರೂಪದಲ್ಲಿ: ಹಾಸಿಗೆಯಲ್ಲಿ ಮಲಗಿರುವ ಈ ವ್ಯಕ್ತಿಗೆ ಈಗ ಅರಿವಿದೆಯೇ? ತಪ್ಪು ಉತ್ತರದ ಬೆಲೆ ಇಲ್ಲಿ ಎಲ್ಲ ಕಡೆಗಿಂತ ಹೆಚ್ಚು.

ಅರಿವಳಿಕೆಯನ್ನು ತೆಗೆದುಕೊಳ್ಳಿ. ಶಸ್ತ್ರಚಿಕಿತ್ಸೆಯ ಮೊದಲು ಸ್ನಾಯುಗಳನ್ನು ಸಡಿಲಿಸುವ ಔಷಧ ಕೊಟ್ಟರೆ ರೋಗಿ ಅಲುಗಾಡಲಾರ. ಆದರೆ ಆ ಔಷಧ ಹರಿಯದಂತೆ ಒಂದು ಮುಂದೋಳಿಗೆ ಪಟ್ಟಿ ಬಿಗಿದರೆ ಆ ಕೈ ಮಾತ್ರ ಚಲಿಸಬಲ್ಲದು. 1970ರ ದಶಕದಿಂದ ಬಳಕೆಯಲ್ಲಿರುವ ಈ ವಿಧಾನದಲ್ಲಿ, 'ಕೇಳಿಸಿದರೆ ನನ್ನ ಕೈ ಅದುಮಿ' ಎಂದಾಗ ಕೆಲವು ರೋಗಿಗಳು ಅದುಮುತ್ತಾರೆ. ಎಚ್ಚರವಾದ ಮೇಲೆ ಕೇಳಿದರೆ ಬಹುತೇಕರಿಗೆ ಏನೂ ನೆನಪಿರುವುದಿಲ್ಲ. ಹುಲ್ಲು ತಾಗಿತ್ತು, ಸಂಜೆಗೆ ನೆನಪಿರಲಿಲ್ಲ.

ನರವಿಜ್ಞಾನಿ ಏಡ್ರಿಯನ್ ಓವೆನ್ ತಂಡ 2006ರಲ್ಲಿ ಪ್ರಕಟಿಸಿದ ಪ್ರಕರಣ ಇನ್ನೂ ತೀವ್ರವಾದದ್ದು. ರಸ್ತೆ ಅಪಘಾತದ ನಂತರ ಯಾವುದಕ್ಕೂ ಸ್ಪಂದಿಸದ 23 ವರ್ಷದ ಯುವತಿಯನ್ನು ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿಸಿ 'ಟೆನಿಸ್ ಆಡುತ್ತಿದ್ದೀರಿ ಎಂದುಕೊಳ್ಳಿ', 'ನಿಮ್ಮ ಮನೆಯ ಕೋಣೆಗಳಲ್ಲಿ ಓಡಾಡುತ್ತಿದ್ದೀರಿ ಎಂದುಕೊಳ್ಳಿ' ಎಂದು ಹೇಳಿದರು. ಆರೋಗ್ಯವಂತರಲ್ಲಿ ಕಾಣುವಂಥದ್ದೇ ಎರಡು ಬೇರೆ ಬೇರೆ ಚಿತ್ರಗಳು ಅವರ ಮೆದುಳಿನಲ್ಲೂ ಕಂಡವು. 2024ರಲ್ಲಿ ಪ್ರಕಟವಾದ ಹಲವು ದೇಶಗಳ ಅಧ್ಯಯನವೊಂದರಲ್ಲಿ, ಹೊರಗಿನಿಂದ ಆಜ್ಞೆಗೆ ಸ್ಪಂದಿಸದ 241 ರೋಗಿಗಳ ಪೈಕಿ 60 ಮಂದಿಯ ಮೆದುಳು ಒಳಗೆ ಸ್ಪಂದಿಸುತ್ತಿತ್ತು. ಅವರ ಮನೆಯವರಿಗೆ ಇದರ ಅರ್ಥವೇನು ಎಂದು ಹೇಳಬೇಕಾದವರು ವೈದ್ಯರೇ.

ದಾರಿ ಉದ್ದ. ಎಂಬಿಬಿಎಸ್‌ಗೆ ಐದೂವರೆ ವರ್ಷ, ಮನೋವೈದ್ಯಶಾಸ್ತ್ರದ ಎಂ.ಡಿ.ಗೆ ಮೂರು, ನರರೋಗ ತಜ್ಞರಾಗಬೇಕೆಂದರೆ ಸಾಮಾನ್ಯವಾಗಿ ಎಂ.ಡಿ. ಮುಗಿಸಿ ಇನ್ನೂ ಮೂರು ವರ್ಷದ ಡಿ.ಎಂ. ನಿಮ್ಹಾನ್ಸ್‌ಗೆ ಪ್ರವೇಶ ಪಡೆಯುವುದು ಸುಲಭವಲ್ಲ. ಅದಕ್ಕಿಂತ ಮುಖ್ಯವಾದದ್ದು: ವೈದ್ಯರ ದಿನದ ಬಹುಪಾಲು ಅಪಸ್ಮಾರ, ಪಾರ್ಶ್ವವಾಯು, ತಲೆನೋವು, ಖಿನ್ನತೆಗಳಲ್ಲಿ ಕಳೆಯುತ್ತದೆ. ಪ್ರಜ್ಞೆಯ ರಹಸ್ಯಕ್ಕೆ ಅಂಟಿಕೊಂಡವರು ಈ ಕೆಲಸದಲ್ಲಿ ಬೇಸರಪಡುತ್ತಾರೆ, ರೋಗಿಗಳೂ ಅವರಿಂದ ಬೇಸರಪಡುತ್ತಾರೆ. ಮನುಷ್ಯರ ನೋವು ಕಂಡರೆ ಕೈ ಮುಂದಾಗುವವರಿಗೆ ಮಾತ್ರ ಇದು.

ಉಳಿದ ಎರಡು

ಮನಶ್ಶಾಸ್ತ್ರ ಎಲ್ಲಕ್ಕಿಂತ ಸುಲಭವಾಗಿ ಸಿಗುವ ದಾರಿ, ಮೈಸೂರಿನಲ್ಲಂತೂ 1924ರಷ್ಟು ಹಿಂದೆಯೇ ವಿಭಾಗ ಶುರುವಾಗಿತ್ತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ 'ಆಕಾಶವಾಣಿ' ಎಂಬ ಬಾನುಲಿ ಕೇಂದ್ರವನ್ನೂ ನಡೆಸಿದವರು ಎಂಬುದು ಬೇರೆ ಕಥೆ. ಆದರೆ ಹೆಚ್ಚಿನ ಪದವಿ ಕಾಲೇಜುಗಳ ಮನಶ್ಶಾಸ್ತ್ರ ಆಪ್ತಸಮಾಲೋಚನೆಯ ಕಡೆಗೆ ವಾಲಿರುತ್ತದೆ. ಪ್ರಜ್ಞೆ ಅಲ್ಲಿ ಒಂದು ಅಧ್ಯಾಯ. ಚಿಕಿತ್ಸಕರಾಗಬೇಕಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯ ನಿಯಮಗಳನ್ನು ಆಯಾ ವರ್ಷವೇ ನೋಡಿಕೊಳ್ಳಬೇಕು, ಅವು ಬದಲಾಗುತ್ತಿವೆ. ಮೆದುಳು ಮತ್ತು ಭಾಷೆಯ ನಂಟಿನಲ್ಲಿ ಆಸಕ್ತಿಯಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯನ್ನು ಮರೆಯಬೇಡಿ. ಪಾರ್ಶ್ವವಾಯುವಿನ ನಂತರ ಮಾತು ಕಳೆದುಕೊಂಡವರ ಜೊತೆ ಕೆಲಸ ಮಾಡಿದವರಿಗೆ ಮನಸ್ಸಿನ ಬಗ್ಗೆ ತಿಳಿಯುವುದು ಬಹಳ.

ಸಂಜ್ಞಾನ ವಿಜ್ಞಾನ, ಅಂದರೆ ಕಾಗ್ನಿಟಿವ್ ಸೈನ್ಸ್, ಮನಶ್ಶಾಸ್ತ್ರ, ಕಂಪ್ಯೂಟರ್, ಭಾಷಾಶಾಸ್ತ್ರ, ತತ್ತ್ವಶಾಸ್ತ್ರಗಳನ್ನು ಸೇರಿಸಿ ಕಲಿಸುತ್ತದೆ. ಅಲಹಾಬಾದ್ ವಿಶ್ವವಿದ್ಯಾಲಯ, ಐಐಟಿ ಗಾಂಧಿನಗರ, ಐಐಟಿ ಕಾನ್ಪುರ, ಹೈದರಾಬಾದ್ ವಿಶ್ವವಿದ್ಯಾಲಯಗಳಲ್ಲಿ ಇದರ ಕೇಂದ್ರ ಅಥವಾ ವಿಭಾಗಗಳಿವೆ. ಎಂಜಿನಿಯರಿಂಗ್ ಮುಗಿಸಿ ಮನಸ್ಸು ಬದಲಾದವರಿಗೆ ಹೇಳಿ ಮಾಡಿಸಿದ್ದು. ಎಲ್ಲವೂ ಸ್ವಲ್ಪ ಸ್ವಲ್ಪ ಗೊತ್ತಾಗಿ ಯಾವುದರಲ್ಲೂ ಕೈ ಪಳಗದೆ ಹೋಗುವ ಅಪಾಯ ಇದೆ. ಎರಡನೆಯ ವರ್ಷದ ಹೊತ್ತಿಗಾದರೂ ಒಂದು ವಿಧಾನವನ್ನು ಗಟ್ಟಿ ಹಿಡಿಯಬೇಕು.

ಒಂದು ಪಂದ್ಯ

ವಿಜ್ಞಾನ, ತತ್ತ್ವಶಾಸ್ತ್ರ ಇವೆರಡರಲ್ಲಿ ಯಾವುದು ಗೆಲ್ಲುತ್ತಿದೆ ಎಂದು ಕೇಳುವವರಿಗೆ ಈ ಕಥೆ. 1998ರಲ್ಲಿ ಜರ್ಮನಿಯ ಬ್ರೆಮೆನ್‌ನಲ್ಲಿ ನರವಿಜ್ಞಾನಿ ಕ್ರಿಸ್ಟಾಫ್ ಕಾಖ್ ಇನ್ನು 25 ವರ್ಷದೊಳಗೆ ಪ್ರಜ್ಞೆಗೆ ತಳಹದಿಯಾದ ನರಚಟುವಟಿಕೆ ಸ್ಪಷ್ಟವಾಗಿ ಸಿಗುತ್ತದೆ ಎಂದು ಚಾಲ್ಮರ್ಸ್ ಜೊತೆ ವೈನ್ ಬಾಟಲಿಗಳ ಪಂದ್ಯ ಕಟ್ಟಿದರು. 2023ರ ಜೂನ್‌ನಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ಸೋಲೊಪ್ಪಿಕೊಂಡು ವೈನ್ ಕೊಟ್ಟರು. ತತ್ತ್ವಜ್ಞಾನಿ ಗೆದ್ದರು ಎಂದು ಸಂಭ್ರಮಿಸುವ ಮುನ್ನ ಅದೇ ಸಭೆಯಲ್ಲಿ ನಡೆದ ಇನ್ನೊಂದನ್ನು ಗಮನಿಸಬೇಕು. ಮಾಹಿತಿ ಒಂದಾಗಿ ಹೆಣೆದುಕೊಳ್ಳುವುದರಲ್ಲೇ ಪ್ರಜ್ಞೆಯಿದೆ ಎನ್ನುವ ಸಂಯೋಜಿತ ಮಾಹಿತಿ ಸಿದ್ಧಾಂತ ಮತ್ತು ಮಾಹಿತಿ ಮೆದುಳಿನಾದ್ಯಂತ ಹರಡಿದಾಗ ಪ್ರಜ್ಞೆ ಹುಟ್ಟುತ್ತದೆ ಎನ್ನುವ ಗ್ಲೋಬಲ್ ವರ್ಕ್‌ಸ್ಪೇಸ್ ಸಿದ್ಧಾಂತದ ಪ್ರತಿಪಾದಕರು ಏನು ಕಂಡರೆ ತಮಗೆ ಹಿನ್ನಡೆ ಎಂದು ಮೊದಲೇ ಬರೆದುಕೊಟ್ಟು, ಮೂರನೆಯವರಿಂದ ಪ್ರಯೋಗ ಮಾಡಿಸಿದ್ದರು. 256 ಮಂದಿಯ ಮೇಲೆ ನಡೆದ ಆ ಪ್ರಯೋಗದ ಪೂರ್ಣ ವರದಿ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಎರಡೂ ಸಿದ್ಧಾಂತಗಳ ಕೆಲವು ನಿರೀಕ್ಷೆಗಳು ಕೈಕೊಟ್ಟಿದ್ದವು. ಈ ನಡುವೆ 2023ರ ಸೆಪ್ಟೆಂಬರ್‌ನಲ್ಲಿ ನೂರಕ್ಕೂ ಹೆಚ್ಚು ವಿದ್ವಾಂಸರು ಸಹಿ ಹಾಕಿ ಮೊದಲನೆಯ ಸಿದ್ಧಾಂತವನ್ನು ಹುಸಿವಿಜ್ಞಾನ ಎಂದೇ ಕರೆದರು. ಯಾವುದು ವಿಜ್ಞಾನ, ಯಾವುದು ಅಲ್ಲ ಎಂದು ಹೇಳಲು ಯಾವ ಪ್ರಯೋಗವೂ ಸಾಲದು. ಅಲ್ಲಿಗೆ ಮತ್ತೆ ತತ್ತ್ವಶಾಸ್ತ್ರವೇ ಬೇಕಾಯಿತು.

ಹಾಗಾದರೆ ಯಾರಿಗೆ ಯಾವುದು

ಇಪ್ಪತ್ತರ ಆಸುಪಾಸಿನಲ್ಲಿದ್ದು ಇನ್ನೂ ತೂಗುತ್ತಿರುವವರಿಗೆ ನನ್ನ ಸಲಹೆ ಪ್ರಯೋಗಾಲಯವೇ. ಕಾರಣ ಸರಳ. ಗಣಿತ, ಸಂಖ್ಯಾಶಾಸ್ತ್ರ, ಪ್ರಯೋಗದ ಶಿಸ್ತು ಇವು ವಯಸ್ಸು ಕಳೆದಂತೆ ಹತ್ತಿಸಿಕೊಳ್ಳಲು ಕಷ್ಟ, ಒಬ್ಬಂಟಿಯಾಗಿ ಕಲಿಯುವುದಂತೂ ಇನ್ನೂ ಕಷ್ಟ. ನೈಯಾಯಿಕರು ನಿಮಗಾಗಿ ಕಾಯುತ್ತಾರೆ. ನಲವತ್ತರಲ್ಲಿ ಓದಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತಾರೆ. ಹಣಕಾಸಿನ ದೃಷ್ಟಿಯಿಂದಲೂ ಇದೇ ವಾಸಿ: 2023ರಿಂದ ಕೇಂದ್ರದ ಕಿರಿಯ ಸಂಶೋಧನಾ ವೇತನ ತಿಂಗಳಿಗೆ 37,000 ರೂಪಾಯಿ, ಹಿರಿಯದ್ದು 42,000. ಜೀವವಿಜ್ಞಾನ ಓದಿರಲೇಬೇಕೆಂದೇನೂ ಇಲ್ಲ. ಭೌತಶಾಸ್ತ್ರ, ಎಂಜಿನಿಯರಿಂಗ್‌ನವರನ್ನೂ ನರವಿಜ್ಞಾನ ವಿಭಾಗಗಳು ತೆಗೆದುಕೊಳ್ಳುತ್ತವೆ. ತತ್ತ್ವಶಾಸ್ತ್ರದಲ್ಲೂ ನೆಟ್ ಪರೀಕ್ಷೆಯ ಮೂಲಕ ಇದೇ ವೇತನ ಸಿಗುತ್ತದೆ, ಸ್ಥಾನಗಳು ಮಾತ್ರ ಬೆರಳೆಣಿಕೆಯಷ್ಟು.

ಇದಕ್ಕೆ ಒಂದು ಅಪವಾದವಿದೆ. ಸಂಸ್ಕೃತ ಅಥವಾ ಪಾಲಿ ಈಗಾಗಲೇ ಚೆನ್ನಾಗಿ ಬಲ್ಲವರು ಪ್ರಯೋಗಾಲಯಕ್ಕೆ ಹೋಗಿ ಸಾವಿರ ಜನರ ಗುಂಪಿನಲ್ಲಿ ಮತ್ತೊಬ್ಬರಾಗಬೇಡಿ. ನ್ಯಾಯದ, ಬೌದ್ಧರ ಯೋಗಾಚಾರ ಪಂಥದ ಗ್ರಂಥಗಳನ್ನು ಮೂಲದಲ್ಲೇ ಓದಿ ಇಂದಿನ ನಿದ್ರಾ ವಿಜ್ಞಾನಿಗಳ ಜೊತೆ ಮಾತಾಡಬಲ್ಲವರು ಜಗತ್ತಿನಲ್ಲೇ ಕೆಲವರು. ಪ್ರಯೋಗ ರೂಪಿಸುವವರಿಗೆ ಅಂಥವರು ಬೇಕು.

ಉದ್ಯೋಗ ಹಿಡಿದು ಸಂಸಾರ ಕಟ್ಟಿಕೊಂಡ ಮೇಲೆ ಆಸಕ್ತಿ ಹುಟ್ಟಿದವರಿಗೆ ತತ್ತ್ವಶಾಸ್ತ್ರವೇ ಸರಿ. ಸರ್ಕಾರದ ಅಂತರಜಾಲ ಕಲಿಕಾ ತಾಣಗಳಾದ 'ಸ್ವಯಂ' ಮತ್ತು ಎನ್‌ಪಿಟೆಲ್‌ನಲ್ಲಿ ಉಚಿತ ಪಾಠಗಳಿವೆ. ಜೊತೆಗೆ ಒಂದೇ ಒಂದು ಸಂಖ್ಯಾಶಾಸ್ತ್ರದ ಪಾಠವನ್ನೂ ಮುಗಿಸಿಕೊಂಡರೆ ಮೆದುಳಿನ ಸುದ್ದಿಗಳಲ್ಲಿ ಕಾಳು ಯಾವುದು ಜೊಳ್ಳು ಯಾವುದು ಎಂದು ತಿಳಿಯುತ್ತದೆ. ನಿಮ್ಹಾನ್ಸ್‌ನಲ್ಲಿ ಸಾರ್ವಜನಿಕರಿಗೆ ತೆರೆದ ಮೆದುಳಿನ ಸಂಗ್ರಹಾಲಯವಿದೆ, ಒಮ್ಮೆ ಹೋಗಿ ಬನ್ನಿ. ಕ್ವಾಂಟಂ ಮತ್ತು ವೇದಾಂತವನ್ನು ಒಂದೇ ಉಸಿರಿನಲ್ಲಿ ಹೇಳಿ, ಎರಡು ದಿನದ ಶಿಬಿರಕ್ಕೆ ಸಾವಿರಾರು ರೂಪಾಯಿ ಪಡೆದು 'ಪ್ರಜ್ಞಾ ವಿಜ್ಞಾನ'ದ ಪ್ರಮಾಣಪತ್ರ ಕೊಡುವವರ ಹತ್ತಿರ ಮಾತ್ರ ಹೋಗಬೇಡಿ. ಅಲ್ಲಿ ಕ್ವಾಂಟಮ್ಮೂ ಇರುವುದಿಲ್ಲ, ವೇದಾಂತವೂ ಇರುವುದಿಲ್ಲ.

ಯಾವ ದಾರಿಯನ್ನೇ ಆರಿಸಿಕೊಂಡರೂ ಅರ್ಜಿ ಹಾಕುವ ಮುನ್ನ ಮಾರ್ಗದರ್ಶಕರಾಗಲಿರುವವರ ಇತ್ತೀಚಿನ ಎರಡು ಲೇಖನಗಳನ್ನು ಪೂರ್ತಿ ಓದಿ. ಆಮೇಲೆ ಅವರನ್ನು ಎರಡು ಪ್ರಶ್ನೆ ಕೇಳಿ: ನಿಮ್ಮ ವಿದ್ಯಾರ್ಥಿಗಳು ಪಿಎಚ್‌.ಡಿ. ಮುಗಿಸಲು ಎಷ್ಟು ವರ್ಷ ತೆಗೆದುಕೊಂಡರು, ಈಗ ಎಲ್ಲಿದ್ದಾರೆ? ನೀವು ಹೇಳುತ್ತಿರುವುದು ತಪ್ಪೆಂದು ತೋರಿಸಲು ಏನು ಕಾಣಬೇಕು? ಎರಡನೆಯದಕ್ಕೆ ಉತ್ತರವೇ ಬಾರದಿದ್ದರೆ, ಅದು ಪ್ರಯೋಗಾಲಯವಾಗಿದ್ದರೂ ಸರಿ, ತತ್ತ್ವಶಾಸ್ತ್ರ ವಿಭಾಗವಾಗಿದ್ದರೂ ಸರಿ, ಬೇರೆ ಕಡೆ ಅರ್ಜಿ ಹಾಕಿ.